ಪಾಲಿಸಿದಾರ ಊರಿಗೆ ಹೋದರೆ

ನಮ್ಮ ಮನೆಯಲ್ಲಿ ಇವತ್ತಿನವರೆಗೂ ಯಾವ ಡಬ್ಬಿಯೂ ಖಾಲಿಯಾಗಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಅಕ್ಕಿ ಮುಗಿದರೆ ‘ಅಕ್ಕಿ ಹೆಚ್ಚಾಗೇತಿ’ ಎನ್ನಬೇಕು. ಕೈಬಳೆ ಒಡೆಯುವುದಿಲ್ಲ, ಅದೂ ಹೆಚ್ಚಾಗುತ್ತದೆ. ದೀಪ ಆರುವುದಿಲ್ಲ, ಶಾಂತವಾಗುತ್ತದೆ. ಹೊರಗೆ ಹೊರಟವರು ಮರೆತು ‘ಹೋಗ್ತೇನಿ’ ಎಂದರೋ, ನಮ್ಮ ಅತ್ತೆ ಅವರನ್ನು ಹಿಂದಕ್ಕೆ ಕರೆದು, ಕೂರಿಸಿ, ನೀರು ಕುಡಿಸಿ, ‘ಬರ್ತೇನಿ’ ಎನ್ನಿಸಿಯೇ ಕಳಿಸುತ್ತಾರೆ. ನನ್ನ ತವರು ಹಂಸಭಾವಿಯಲ್ಲಿ ಬಾಯಿಗೆ ಇಷ್ಟು ಕಾವಲಿರಲಿಲ್ಲ. ಮದುವೆಯಾಗಿ ಸವಣೂರಿಗೆ ಬಂದ ಹೊಸತರಲ್ಲಿ ಅತ್ತೆ ‘ಎಣ್ಣಿ ಹೆಚ್ಚಾಗೇತಿ ನೀಲವ್ವ’ ಎಂದಾಗ, ಅಷ್ಟು ಹೆಚ್ಚಿದ್ದರೆ ಮಿರ್ಚಿ ಭಜಿ ಕರಿಯೋಣವೆಂದು ಒಲೆಯ ಮೇಲೆ ಬಾಣಲೆ ಇಟ್ಟು, ಹಿಟ್ಟು ಕಲಸಿಕೊಂಡು ಕೂತವಳು ನಾನು.

ಇಂಥ ಮನೆಯಲ್ಲಿ ಕೂತು ನಾನು ಜೀವವಿಮೆಯ ಏಜೆಂಟಳಾಗುವ ಪರೀಕ್ಷೆಗೆ ಓದಲು ಹೊರಟೆ. ಯಾಕೆ ಬೇಕಿತ್ತು ಎಂದು ನೀವೂ ಕೇಳಬೇಡಿ, ಓಣಿಯವರೆಲ್ಲ ಕೇಳಿಯಾಗಿದೆ. ಪಿಯುಸಿ ಮುಗಿಯುವ ಮೊದಲೇ ತಲೆಯ ಮೇಲೆ ಅಕ್ಕಿಕಾಳು ಬಿದ್ದವು. ಆಮೇಲೆ ನನ್ನ ಹೆಸರಿದ್ದ ಕಾಗದವೆಂದರೆ ಒಂದು ರೇಷನ್ ಕಾರ್ಡು; ಅದರಲ್ಲೂ ನೀಲವ್ವ ಹೋಗಿ ನೀಲಪ್ಪ ಎಂದು ಅಚ್ಚಾಗಿತ್ತು. ನನ್ನ ಹೆಸರನ್ನು ನೆಟ್ಟಗೆ ಬರೆದ ಒಂದು ಸರ್ಟಿಫಿಕೇಟು ಪಡಸಾಲೆಯ ಗೋಡೆಯ ಮೇಲೆ ತೂಗಬೇಕು ಎಂಬ ಆಸೆ ನನಗೆ. ಸಣ್ಣ ಆಸೆಯೇ. ಆದರೆ ಬಹಳ ದಿನದ್ದು.

ವಿಮಾ ಕಚೇರಿಯವರು ಮೊಬೈಲಿಗೆ ಮಾದರಿ ಪರೀಕ್ಷೆಗಳನ್ನು ಹಾಕಿಕೊಟ್ಟು, ‘ಇವನ್ನ ಬಿಡಿಸ್ಕೋತ ಹೋಗ್ರಿ, ಪಾಸಾಗ್ತೀರಿ’ ಎಂದಿದ್ದರು. ನಾನು ಬಿಡಿಸಿದೆ. ಆದರೆ ಮೊದಲನೆಯದೊಂದನ್ನೇ ಬಿಡಿಸಿದೆ, ಯಾಕೆಂದರೆ ಅದರಲ್ಲಿ ಅಂಕ ಚೆನ್ನಾಗಿ ಬೀಳುತ್ತಿದ್ದವು. ಕೊನೆಕೊನೆಗೆ ಪ್ರಶ್ನೆ ಓದುವುದೇ ಬೇಕಾಗಲಿಲ್ಲ. ಸಂಜೆ ಎಮ್ಮೆ ತನ್ನ ಗೂಟ ಹುಡುಕಿಕೊಂಡು ಬರುವಂತೆ ಬೆರಳು ತಾನಾಗಿಯೇ ಉತ್ತರದ ಮೇಲೆ ಹೋಗಿ ನಿಲ್ಲುತ್ತಿತ್ತು. ನಾನೆಂಥ ಜಾಣೆ ಎಂದು ಒಳಗೊಳಗೇ ಹಿಗ್ಗಿದೆ. ನಿಜವಾದ ಪರೀಕ್ಷೆಯಲ್ಲಿ ಉತ್ತರಗಳೆಲ್ಲ ಜಾಗ ಬದಲಿಸಿ ಕೂತಿದ್ದವು. ಬೆರಳು ಹಳೆಯ ಜಾಗಕ್ಕೇ ಹೋಯಿತು, ನಾನು ನಪಾಸಾದೆ. ಬೋರ್‌ವೆಲ್ಲಿನ ಮುಂದೆ ಕೊಡ ಇಟ್ಟವರೆಲ್ಲ ‘ಏನಾತ್ರಿ ಪರೀಕ್ಷಾ?’ ಎಂದು ಕೇಳುವಾಗ ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು. ಎರಡನೆಯ ಸಲವೂ ಹೀಗಾದರೆ ಮುಖ ಎಲ್ಲಿಡಲಿ?

ಅದಕ್ಕೇ ಈ ಸಲ ಅತ್ತೆಯನ್ನು ಹಿಡಿದೆ. ನನಗೆ ಚಾಳೀಸು ಬಂದಿದೆ. ಅತ್ತೆಗೋ, ಕಣ್ಣಿನ ಪೊರೆ ತೆಗೆಸಿದ ಮೇಲೆ ಇರುವೆಯ ಮೀಸೆಯೂ ಕಾಣುತ್ತದೆ. ನಾನು ರೊಟ್ಟಿ ಬಡಿಯುವುದು, ಅವರು ಮಣೆಯ ಮೇಲೆ ಕೂತು ಮೊಬೈಲು ನೋಡಿ ಪ್ರಶ್ನೆ ಓದುವುದು ಎಂದು ಒಪ್ಪಂದವಾಯಿತು. ಉತ್ತರ ತಪ್ಪಿದರೆ ಪರದೆ ಕೆಂಪಾಗುವ ಮೊದಲೇ ಅತ್ತೆ ‘ತಪ್ಪ!’ ಎಂದು ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದರು. ಇಷ್ಟು ವರ್ಷ ಸೊಸೆಯ ತಪ್ಪನ್ನು ಪುಕ್ಕಟೆ ಹುಡುಕಿದವರು. ಈಗ ಅದನ್ನು ಮಾಡೆಂದು ಸೊಸೆಯೇ ಕೈಮುಗಿದರೆ ಖುಷಿಯಾಗದೇ ಇರುತ್ತದೆಯೇ?

ಮೊದಲ ದಿನವೇ ಒಂದು ಪ್ರಶ್ನೆಗೆ ಅವರು ಗಕ್ಕನೆ ನಿಂತರು.

“ಯವ್ವಾ, ಇದೇನವಾ ಇದು! ‘ಗಂಡ ಮರಣ...’ ಅಂತ ಬರದಾರಲ್ಲ! ದೀಪ ಹಚ್ಚೂ ಹೊತ್ತಿನ್ಯಾಗ ಇಂಥಾದ್ದು ಓದ್ತಾರೇನ? ಮ್ಯಾಲೆ ದೇವತಿಗೋಳು ಅಡ್ಡ್ಯಾಡತಿರ್ತಾರ, ಅಸ್ತು ಅಂದ್ರ ಏನ್ ಗತಿ?”

“ಅದನ್ನ ಓದದಿದ್ರ ಹೆಂಗ ಪಾಸಾಗ್ಲಿ ಅತ್ತಿ? ಜೀವವಿಮೆ ಅಂದ್ರನ ಅದು.”

ಅತ್ತೆ ಎಲೆಗೆ ಸುಣ್ಣ ಸವರುತ್ತ ವಿಚಾರ ಮಾಡಿದರು. “ಹಂಗಾರ ನಾ ಹಿಂಗ ಓದ್ತೇನಿ. ಗಂಡ ಊರಿಗೆ ಹೋದ್ರ ರೊಕ್ಕ ಯಾರಿಗೆ ಬರ್ತೈತಿ?”

“ನಾಮಿನಿಗೆ.”

“ಬರೋಬ್ಬರಿ!”

ಅಂದಿನಿಂದ ನಮ್ಮ ಅಡುಗೆಮನೆಯಲ್ಲಿ ಪಾಲಿಸಿದಾರರೆಲ್ಲ ಊರಿಗೆ ಹೋಗತೊಡಗಿದರು. ಅಪಘಾತದ ಸಾವು ಬಂದರೆ ‘ಅವಸರದಾಗ ಊರಿಗೆ ಹೋದ್ರ’. ಗಂಡ ಹೆಂಡತಿ ಇಬ್ಬರೂ ಹೋದರೆ ‘ಜೋಡೀಲೆ ಊರಿಗೆ ಹೋದ್ರ’. ಮರಣ ಪ್ರಮಾಣಪತ್ರಕ್ಕೆ ‘ಊರಿನ ಚೀಟಿ’ ಎಂದು ಹೆಸರಾಯಿತು. ಮಾದರಿ ಪರೀಕ್ಷೆಗಳನ್ನು ಒಂದೂ ಬಿಡದೆ ಮುಗಿಸಿದೆವು. ಅಂಕ ಏರುತ್ತಿದ್ದವು, ರೊಟ್ಟಿ ಹೊತ್ತುತ್ತಿದ್ದವು.

ತೊಂದರೆ ಏನೆಂದರೆ, ನಮ್ಮ ಮನೆಯವರದು ವೀಳ್ಯದೆಲೆಯ ವ್ಯಾಪಾರ. ಒಂದು ದಿನ ಹಾನಗಲ್ಲು, ಒಂದು ದಿನ ಹಿರೇಕೆರೂರು, ಹೀಗೆ ದಿನಾ ಊರಿಗೆ ಹೋಗುವುದೇ ಅವರ ಉದ್ಯೋಗ. ಒಂದು ಮುಂಜಾನೆ ಎಲೆಯ ಪೆಂಡಿಗಳನ್ನು ಬೈಕಿಗೆ ಕಟ್ಟಿ, “ನೀಲಾ, ಊರಿಗೆ ಹೊಂಟೇನಿ” ಎಂದರು. ನನಗೆ ಏನಾಯಿತೋ, “ಬ್ಯಾಡ್ರೀ!” ಎಂದು ಚೀರಿ ಹಿಟ್ಟಿನ ಕೈಯಲ್ಲೇ ಓಡಿಹೋಗಿ ಅವರ ಅಂಗಿ ಹಿಡಿದೆ. ಅವರು ಅಂಗಿತೋಳಿನ ಮೇಲೆ ಮೂಡಿದ ಹಿಟ್ಟಿನ ಬೆರಳಚ್ಚು ನೋಡಿ, “ಅವ್ವಾ, ಇಕಿಗೆ ಓದು ತಲಿಗೇರೇತಿ, ಒಂದೀಟು ನೋಡ್ಕೊ” ಎಂದು ಹೇಳಿ ಬೈಕು ಹತ್ತಿದರು.

ಪರೀಕ್ಷೆ ಹುಬ್ಬಳ್ಳಿಯಲ್ಲಿತ್ತು. ಮಾದರಿ ಪರೀಕ್ಷೆಗಳ ಅಭ್ಯಾಸ ಕೈ ಹಿಡಿಯಿತು. ಒಂದೊಂದು ಪ್ರಶ್ನೆಗೂ ಒಳಗೆ ಅತ್ತೆಯ ಧ್ವನಿ ಕೇಳುತ್ತಿತ್ತು. ನಡುವೆ ಒಂದು ಪ್ರಶ್ನೆ ಬಂತು. ಪ್ರವಾಸ ವಿಮೆಯ ಪಾಲಿಸಿದಾರ ಪರ ಊರಿಗೆ ಹೋದಾಗ ಆತನ ಪೆಟ್ಟಿಗೆ ಕಳೆದರೆ ಪರಿಹಾರ ಯಾರಿಗೆ? ಅಯ್ಯೋ ಪಾಪ, ಆ ಊರಿಗೆ ಹೋಗುವಾಗ ಪೆಟ್ಟಿಗೆ ಯಾಕೆ ಒಯ್ದನೋ ಎಂದು ಮರುಗಿ, ‘ನಾಮಿನಿಗೆ’ ಎಂದು ಒತ್ತಿದೆ. ಆದರೂ ಪಾಸಾದೆ. ಪರದೆಯ ಮೇಲೆ ‘ಉತ್ತೀರ್ಣ’ ಎಂಬ ಅಕ್ಷರ ಕಂಡಾಗ ಅಲ್ಲಿಯೇ ಕಣ್ಣೀರು ಬಂತು, ನಾಚಿಕೆ ಬಿಟ್ಟು ಹೇಳುತ್ತೇನೆ. ತಿರುಗಿ ಬರುವಾಗ ಬಸ್ಸು ಶಿಗ್ಗಾಂವಿ ದಾಟಿದ ಮೇಲೆ ಆ ಪೆಟ್ಟಿಗೆಯವನು ಬದುಕಿಯೇ ಇದ್ದ ಎಂಬುದು ಹೊಳೆದು ಒಬ್ಬಳೇ ನಕ್ಕೆ. ಪಕ್ಕದಲ್ಲಿ ಕೂತಾಕೆ ತನ್ನ ಚೀಲವನ್ನು ಆ ಕಡೆಗೆ ಸರಿಸಿಕೊಂಡಳು.

ಸರ್ಟಿಫಿಕೇಟು ಬಂತು, ಹೆಸರು ನೆಟ್ಟಗಿತ್ತು, ಗೋಡೆ ಏರಿತು. ಮೊದಲ ಗಿರಾಕಿ ಎಂದು ಪೇಟೆಯಲ್ಲಿ ಖಾರ ಕರಿದು ಮಾರುವ ಮಕ್ತುಮಸಾಬರನ್ನು ಗೊತ್ತು ಮಾಡಿಕೊಂಡೆ. ‘ಓದಿಸಿದಾಕಿ ನಾ, ನಾನೂ ಬರ್ತೇನಿ’ ಎಂದು ಅತ್ತೆಯೂ ಸೆರಗು ಹೊದ್ದು ಹೊರಟರು. ಮಕ್ತುಮಸಾಬರು ಸ್ಟೂಲು ಹಾಕಿ, ಇಬ್ಬರ ಕೈಗೂ ಬಿಸಿ ಖಾರ ಕೊಟ್ಟರು. ನಾನು ಗಂಟಲು ಸರಿಮಾಡಿಕೊಂಡೆ.

“ನೋಡ್ರಿ, ಈ ಪಾಲಿಸಿ ಮಾಡಿಸಿದ್ರ, ನೀವು ಊರಿಗೆ ಹೋದ್ರ ಮನಿಯವರಿಗೆ ರೊಕ್ಕ ಬರ್ತೈತ್ರಿ.”

ಅವರ ಕೈಯ ಝಾರಿ ಸೌಟು ಎಣ್ಣೆಯಲ್ಲೇ ನಿಂತಿತು. “ಖರೇ ಏನ್ರಿ ಅಕ್ಕಾರ? ನಾ ಗುರುವಾರಕ್ಕೊಮ್ಮೆ ಹುಲಗೂರ ದರ್ಗಾಕ್ಕ ಹೋಗ್ತೇನಲ್ರಿ. ಪ್ರತಿ ಸಲಾನೂ ಬರ್ತೈತೇನ್ರಿ?”

“ಹಂಗಲ್ರಿ. ಒಂದ ಸಲ. ದೂರದ ಊರು.”

“ಅಜ್ಮೀರಕ್ಕೇನ್ರಿ?”

“ಅದಕ್ಕಿಂತಾ ದೂರ್ರಿ.”

“ಹಜ್‌ಗೇನ್ರಿ? ಯಾ ಅಲ್ಲಾ! ಹಜ್‌ಗೆ ಹೋದ್ರ ರೊಕ್ಕಾ ಕೊಡೂ ಪಾಲಿಸಿನೂ ಐತೇನ್ರಿ!”

ಅವರ ಮುಖ ಅರಳಿದ್ದು ನೋಡಿ ನನ್ನ ಬಾಯಿ ಕಟ್ಟಿಹೋಯಿತು. ಪುಸ್ತಕದ ಶಬ್ದ ನಾಲಿಗೆಯ ತುದಿಯಲ್ಲಿದೆ, ಹೊರಗೆ ಬರಲೊಲ್ಲದು. ಹೊತ್ತು ಬೇರೆ ಮುಳುಗುತ್ತಿತ್ತು, ಅಂಗಡಿಗಳಲ್ಲಿ ಒಂದೊಂದೇ ದೀಪ ಹತ್ತುತ್ತಿದ್ದವು. ಅತ್ತೆಯ ಕಡೆ ನೋಡಿದೆ. ಅವರು ಬಾಯಲ್ಲಿದ್ದ ಖಾರ ನುಂಗಿ, ಮುಗಿಲಿಗೊಮ್ಮೆ ಕೈಮುಗಿದು, “ಸತ್ರ, ಸಾಬ್ರ. ಸತ್ರ ರೊಕ್ಕ ಬರ್ತೈತಿ” ಎಂದುಬಿಟ್ಟರು.

ಮಕ್ತುಮಸಾಬರು ಜೋರಾಗಿ ನಕ್ಕರು. “ಅಷ್ಟೇನ್ರಿ ಅಜ್ಜಿಯಾರ? ಅದು ಯಾರನ್ನ ಬಿಟ್ಟೈತ್ರಿ! ನಾಳೆ ಬರ್ರಿ, ಮಾಡಿಸೋಣು.” ಖಾರದ ಪೊಟ್ಟಣ ಕಟ್ಟಿಕೊಡುತ್ತ ಸಹಜವಾಗಿಯೇ ಕೇಳಿದರು: “ನಿಮ್ಮ ಯಜಮಾನ್ರದು ಮಾಡಿಸೀರಲ್ರಿ ಅಕ್ಕಾರ?”

“ಮಾಡಿಸ್ಬೇಕ್ರಿ” ಎಂದೆ.

ದಾರಿಯಲ್ಲಿ ಅತ್ತೆ, “ಮನಿಗೆ ಹೋಗಿ ಬಾಯಿ ಮುಕ್ಕಳಿಸ್ಬೇಕವಾ” ಎಂದು ಗೊಣಗುತ್ತ ಬಂದರು. ಅಕ್ಕಿ ಮುಗಿಯಿತು ಎನ್ನಲೂ ಹೆದರುವ ಜೀವ ನನಗೋಸ್ಕರ ಆ ಮಾತನ್ನು ಆಡಿತ್ತು. ನನಗೆ ಅವರ ಮೇಲೆ ಎಂಥ ಪ್ರೀತಿ ಉಕ್ಕಿತೆಂದರೆ, ಹಿಂದಿನ ಜಗಳಗಳಲ್ಲಿ ಅರ್ಧವನ್ನು ಅಲ್ಲಿಯೇ ಮಾಫಿ ಮಾಡಿದೆ.

ರಾತ್ರಿ ಊಟಕ್ಕೆ ಕೂತ ಗಂಡನಿಗೆ ರೊಟ್ಟಿ ನೀಡುತ್ತ ನಾನೂ ಧೈರ್ಯ ಮಾಡಿದೆ. ಗೋಡೆಯ ಮೇಲೆ ಸರ್ಟಿಫಿಕೇಟು ನೋಡುತ್ತಿತ್ತು.

“ಏನ್ರಿ, ನೀವು... ಅಕಸ್ಮಾತ್... ಊರಿಗೆ ಹೋದ್ರ...”

“ಹೂಂ, ನಾಳೆ ಹಿರೇಕೆರೂರಿಗೆ ಹೋಗೂದೈತಿ. ಏನ್ ತರ್ಲಿ?”

“ಏನೂ ಬ್ಯಾಡ್ರಿ. ಹೊತ್ತು ಮುಳುಗೂದ್ರಾಗ ಬರ್ರಿ, ಸಾಕು.”

ಹಾಸಿಗೆಯಲ್ಲಿ ಆ ಕಡೆ ಹೊರಳಿ ಮಲಗಿದ್ದ ಅತ್ತೆ, ಓಣಿಗೆಲ್ಲ ಕೇಳುವಂತೆ, “ತಪ್ಪ!” ಎಂದರು.