ನಲವತ್ತು ಹೆಜ್ಜೆಯೊಳಗೆ

ಬೆಳಗ್ಗೆ ಆರೂವರೆಗೆ ಗಾಲ್ಫ್ ಕ್ಲಬ್ಬಿನ ಕಾರ್ಯದರ್ಶಿ ಯಂತ್ರಗಳ ಶೆಡ್ಡಿಗೆ ಬಂದು ಹಸಿರು ಟೇಪಿನ ಒಂದು ಸುರುಳಿಯನ್ನು ಕತ್ತರಿಯ ಕೈಗಿಟ್ಟರು. ಕತ್ತರಿ ಎಂದರೆ ಮನುಷ್ಯ. ಹನ್ನೆರಡು ವರ್ಷಗಳಿಂದ ಆ ಮೈದಾನದ ಹುಲ್ಲು ಕತ್ತರಿಸುತ್ತಿದ್ದವನಿಗೆ ಬೇರೊಂದು ಹೆಸರಿದೆ ಎಂಬುದು ಹಾಜರಿ ಪುಸ್ತಕವನ್ನು ಬಿಟ್ಟರೆ ಯಾರಿಗೂ ನೆನಪಿರಲಿಲ್ಲ.

"ಒಂಬತ್ತು ಗಂಟೆಗೆ ಮೊದಲ ಹೊಡೆತ," ಎಂದರು ಕಾರ್ಯದರ್ಶಿ. "ಚೆಂಡಿಡೋ ಜಾಗದಿಂದ ನಲವತ್ತು ಹೆಜ್ಜೆಯೊಳಗೆ ಯಾವ ಕಂಪನಿ ಹೆಸರೂ ಕಾಣಬಾರದು. ಕಂಡಿದ್ದೆಲ್ಲ ಮುಚ್ಚು. ಒಂದೇ ಒಂದು ಹೆಸರು ಹೊರಗೆ ಬಂದ್ರೂ ನಿನ್ನ ಕೋಣೆ ಖಾಲಿ ಮಾಡು."

"ಏನೂ ಕಾಣದಿದ್ರೆ?"

"ಕಾಣದಿದ್ರೆ ಇರು. ನಾನೇನು ನಿನ್ನ ಓಡಿಸಬೇಕು ಅಂತ ಕಾಯ್ತಾ ಇದೀನಾ?"

ಕೋಣೆ ಶೆಡ್ಡಿನ ಹಿಂಭಾಗದಲ್ಲಿತ್ತು. ಹತ್ತಡಿಗೆ ಹನ್ನೆರಡಡಿ, ಸದಾ ಡೀಸೆಲ್ ವಾಸನೆ. ಅದಕ್ಕಿದ್ದ ಒಂದೇ ಗುಣವೆಂದರೆ ಬಾಗಿಲಿಗೆ ಮೆಟ್ಟಿಲಿರಲಿಲ್ಲ. ಕತ್ತರಿಯ ಅತ್ತೆ ಎರಡು ವರ್ಷದ ಹಿಂದೆ ಬಿದ್ದು ಸೊಂಟ ಮುರಿದುಕೊಂಡು ಮಂಚ ಹಿಡಿದಿದ್ದಳು. ಕತ್ತರಿ ಊರಲ್ಲಿ ಹದಿನಾಲ್ಕು ಮನೆ ಕೇಳಿ ನೋಡಿದ್ದ. ಮಂಚದ ವಿಷಯ ತಿಳಿದ ಕೂಡಲೇ ಎಲ್ಲ ಮಾಲೀಕರಿಗೂ ಮೂರನೇ ಮಹಡಿ ಮಾತ್ರ ಖಾಲಿ ಇರುವುದು ನೆನಪಾಗುತ್ತಿತ್ತು.

ಮೊದಲ ಹೊಡೆತ ಎಂಬುದು ಆಟವಲ್ಲ, ಶಾಸ್ತ್ರ. ವರ್ಷಕ್ಕೊಮ್ಮೆ ದೊಡ್ಡ ಪಂದ್ಯ ಶುರುವಾಗುವ ಮುಂಚೆ ಹಳೇ ಚಾಂಪಿಯನ್ ಒಬ್ಬರನ್ನು, ಮೂವತ್ತು ವರ್ಷದಿಂದ ಅವರೊಬ್ಬರನ್ನೇ, ಕರೆತಂದು ನಿಲ್ಲಿಸುತ್ತಾರೆ. ಅವರು ಒಂದು ಚೆಂಡು ಹೊಡೆಯುತ್ತಾರೆ, ಅದು ಎಲ್ಲಿ ಬಿದ್ದರೂ ಜನ ಚಪ್ಪಾಳೆ ತಟ್ಟುತ್ತಾರೆ. ಆ ಮೂರು ನಿಮಿಷ ವ್ಯಾಪಾರದ ಸೋಂಕು ತಗಲಬಾರದೆಂಬುದು ಕ್ಲಬ್ಬಿನ ಹಳೆಯ ನಿಯಮ. ಉಳಿದ ನಾಲ್ಕು ದಿನ ಏನನ್ನು ಬೇಕಾದರೂ ಮಾರಬಹುದು.

ಈ ಸಲ ಪಂದ್ಯದ ಪ್ರಾಯೋಜಕರು ಸುಖಾಂತ್ಯ ಎಂಬ ಕಂಪನಿ. ಹೆಣ ಸಾಗಿಸುವುದರಿಂದ ಹಿಡಿದು ಗುಂಡಿಯ ಮೇಲೆ ಹುಲ್ಲು ಬೆಳೆಸುವ ತನಕ ಎಲ್ಲವನ್ನೂ ಅವರೇ ನೋಡಿಕೊಳ್ಳುತ್ತಿದ್ದರು. ಚಾಂಪಿಯನ್‌ಗೆ ಎಂಬತ್ತೇಳು ವರ್ಷ. ಇವೆರಡನ್ನೂ ಪಕ್ಕಪಕ್ಕ ಇಡಬಾರದೆಂದು ಸಮಿತಿಯಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಕತ್ತರಿ ಕೆಲಸಕ್ಕಿಳಿದ. ಹಗ್ಗದ ಕಂಬಗಳ ಮೇಲಿನ ಹೆಸರು ಮುಚ್ಚಿದ. ನೀರಿನ ಬಾಟಲಿ, ಕುರ್ಚಿಯ ಬೆನ್ನು, ಕಸದ ಡಬ್ಬಿ, ಛಾಯಾಗ್ರಾಹಕರ ಕ್ಯಾಮೆರಾ ಪಟ್ಟಿ, ಒಂದನ್ನೂ ಬಿಡಲಿಲ್ಲ. ಮೂಲೆಯಲ್ಲಿ ಉದ್ದನೆಯ ಬಿಳಿ ವ್ಯಾನು ನಿಂತಿತ್ತು.

"ಇದು ಆಂಬುಲೆನ್ಸಾ?" ಎಂದು ಚಾಲಕನನ್ನು ಕೇಳಿದ.

"ಹೋಗ್ತಾ ಆಂಬುಲೆನ್ಸು. ಬರ್ತಾ ಹೇಳಕ್ಕಾಗಲ್ಲ."

ಅದರ ಪಕ್ಕೆಯ ಹೆಸರು ಮುಚ್ಚುವಷ್ಟರಲ್ಲಿ ಅರ್ಧ ಸುರುಳಿ ಖರ್ಚಾಯಿತು.

ಬ್ಯಾಗು ಹೊರುವವರು ಸಾಲಾಗಿ ಕೂತು ಮಜಾ ನೋಡುತ್ತಿದ್ದರು. ಅವರ ಟೋಪಿಗಳನ್ನು ಒಂದೊಂದಾಗಿ ತೆಗೆಸಿ ಟೇಪು ಹಚ್ಚುವಾಗ ಹಿರಿಯನೊಬ್ಬ ಬಾಯಿ ಅಗಲಿಸಿದ. "ಹಿಂದಿನ ಹಲ್ಲು ಕಟ್ಟಿಸಿದ್ದು ನೋಡೋ ಕತ್ತರಿ. ಡಾಕ್ಟ್ರು ಹೆಸರು ಗಿಸರು ಬರ್ದಿದಾನಾ?"

"ನಿನ್ನ ಹಲ್ಲನ್ನ ಯಾವನೂ ಫೋಟೋ ತೆಗಿಯಲ್ಲ. ಮುಚ್ಕೊ."

"ಇವನ ಚಡ್ಡಿ ಪಟ್ಟಿ ಮೇಲೂ ಹೆಸರಿದೆ," ಎಂದ ಇನ್ನೊಬ್ಬ. "ನಿಯಮ ಅಂದ್ರೆ ನಿಯಮ, ನೋಡ್ಬಿಡು."

ಕತ್ತರಿ ಮುಂದಿನ ಟೋಪಿಗೆ ಕೈ ಹಾಕಿದ. ಎಂಟು ಗಂಟೆ ದಾಟಿತ್ತು.

ಎಂಟೂಕಾಲಿಗೆ ಚಾಂಪಿಯನ್ ಬಂದರು. ಬಂದರು ಅನ್ನುವುದಕ್ಕಿಂತ ಇಳಿಸಲ್ಪಟ್ಟರು. ಇಬ್ಬರು ಅವರನ್ನು ಕಾರಿನಿಂದ ಹಳೇ ಬೀರುವಿನ ಹಾಗೆ ಓರೆ ಮಾಡಿ ಹೊರಗೆಳೆದು ಗಾಲಿಕುರ್ಚಿಯಲ್ಲಿ ಕೂರಿಸಿದರು. ಹಿಂದೆ ಅವರ ಮಗ. ಅರವತ್ತರ ಹತ್ತಿರದ ವಯಸ್ಸು. ಚಾಂಪಿಯನ್ನರ ಮಗ ಎಂಬುದನ್ನು ಬಿಟ್ಟು ಬೇರೆ ಉದ್ಯೋಗ ಮಾಡಿದವನಲ್ಲ. ಅವನ ಕಂಕುಳಲ್ಲಿ ಮಡಚಿದ ದೊಡ್ಡ ಕಪ್ಪು ಕೊಡೆ.

ಕತ್ತರಿ ಆಕಾಶ ನೋಡಿದ. ಮೋಡವೂ ಇರಲಿಲ್ಲ, ಬಿಸಿಲೂ ಅಷ್ಟಕ್ಕಷ್ಟೆ.

"ಸಾರ್, ಕೊಡೆ ಯಾಕೆ?"

"ನಮ್ಮಪ್ಪಂಗೆ ಗಾಳಿ ಆಗಲ್ಲ."

"ಒಂದ್ಸಲ ಬಿಚ್ಚಿ ತೋರಿಸ್ತೀರಾ?"

"ಬಿಚ್ಚೋ ಹೊತ್ತಿಗೆ ಬಿಚ್ತೀನಿ. ನೀನ್ಯಾರಯ್ಯ, ಕೊಡೆ ಇನ್‌ಸ್ಪೆಕ್ಟರಾ?"

ಮಡಿಕೆಯ ಸಂದಿಯಲ್ಲಿ ಬಿಳಿಯ ಅಕ್ಷರಗಳ ತುದಿ ಇಣುಕುತ್ತಿತ್ತು. ಕತ್ತರಿ ಕೈ ಚಾಚಿದ. ಅಷ್ಟರಲ್ಲಿ ಯಾರೋ ಅವನ ಭುಜದ ಮೇಲೆ ಮೆತ್ತಗೆ ಕೈಯಿಟ್ಟರು. ಸುಖಾಂತ್ಯದ ಮ್ಯಾನೇಜರ್. ಕಪ್ಪು ಕೋಟು, ತಗ್ಗಿದ ದನಿ. ಅವರು ಸಮಯ ಕೇಳಿದರೂ ಯಾರೋ ತೀರಿಕೊಂಡ ಸುದ್ದಿಯ ಹಾಗೆ ಕೇಳಿಸುತ್ತಿತ್ತು. ಕತ್ತರಿಯನ್ನು ವ್ಯಾನಿನ ಮರೆಗೆ ಕರೆದೊಯ್ದರು.

"ಈ ಹುಲ್ಲೆಲ್ಲ ನಿಮ್ದೇ ಕೆಲಸ ಅಂತ ಕೇಳ್ದೆ. ನಮ್ಮ ಉದ್ಯಾನಕ್ಕೆ ಒಬ್ರು ಬೇಕು. ಕಾಯಂ ಕೆಲಸ, ಜೊತೆಗೆ ಎರಡು ಕೋಣೆ ಮನೆ. ಮೆಟ್ಟಿಲಿಲ್ಲ."

"ಯಾವ ಉದ್ಯಾನ ಸಾರ್?"

"ನಮ್ದು ಇನ್ಯಾವ್ದು ಇರುತ್ತೆ. ತುಂಬ ನಿಶ್ಶಬ್ದ. ಯಾರೂ ಹುಲ್ಲು ತುಳಿಯಲ್ಲ."

"ನಾನೇನು ಮಾಡ್ಬೇಕು?"

"ಏನೂ ಮಾಡ್ಬಾರ್ದು, ಅಷ್ಟೆ. ಕೊಡೆ ಬಿಚ್ಚಿದಾಗ ನೀವು ಬೇರೆ ಕಡೆ ನೋಡ್ತಾ ಇರಿ."

ಕತ್ತರಿ ಕ್ಲಬ್ಬಿನ ಅಡುಗೆಮನೆಯ ಹಿಂಬಾಗಿಲಿಗೆ ಓಡಿದ. ಹೆಂಡತಿ ಮೊಣಕೈವರೆಗೆ ಸೋಪಿನ ನೊರೆಯಲ್ಲಿ ತಟ್ಟೆ ತೊಳೆಯುತ್ತಿದ್ದಳು. ಅವನು ಉಸಿರು ಬಿಡದೆ ಎಲ್ಲವನ್ನೂ ಹೇಳಿದ.

"ಸ್ಮಶಾನದಲ್ಲಿ ಮನೆನಾ?"

"ಎರಡು ಕೋಣೆ ಕಣೇ."

"ಅಮ್ಮನಿಗೆ ಏನಂತ ಹೇಳ್ಲಿ? ಮಂಚ ಅಲ್ಲಿ ಇಳಿಸಿದ್ರೆ, ಇಷ್ಟು ಬೇಗನಾ ಅಂತಾಳೆ."

"ತಮಾಷೆ ಮಾಡ್ಬೇಡ. ಟೈಮಿಲ್ಲ."

"ನಾನೆಲ್ಲಿ ತಮಾಷೆ ಮಾಡ್ದೆ." ಅವಳು ಒಂದು ತಟ್ಟೆ ಎತ್ತಿಟ್ಟಳು. "ಆ ಮನುಷ್ಯನ ಮುಖ ಇವತ್ತು ನೋಡಿದೀಯ. ಈ ಕೋಣೆ ಹನ್ನೆರಡು ವರ್ಷದಿಂದ ನಮ್ಮ ಕೈಲಿದೆ. ಕಾರ್ಯದರ್ಶಿ ತಾವೇ ಬಾಯಿ ಬಿಟ್ಟು 'ಇರು' ಅಂದಿದಾರೆ ಅಂದ್ಮೇಲೆ, ಇರೋದನ್ನ ಉಳಿಸ್ಕೊ. ಹೋಗು, ಆ ಕೊಡೆ ಮುಚ್ಚು."

ಒಂಬತ್ತಕ್ಕೆ ಐದು ನಿಮಿಷವಿದ್ದಾಗ ಅವನು ಮರಳಿದ. ಹಗ್ಗದ ಸುತ್ತ ಜನ ತುಂಬಿದ್ದರು. ಎದುರಿಗೆ ಕ್ಯಾಮೆರಾಗಳು. ಚಾಂಪಿಯನ್ನರನ್ನು ಎತ್ತಿ ನಿಲ್ಲಿಸಿ ಕೈಗೆ ಕೋಲು ಕೊಟ್ಟಾಗಿತ್ತು. ಅವರು ಗಾಳಿಗೆ ಸಿಕ್ಕ ಬೇಲಿಗೂಟದ ಹಾಗೆ ಹಿಂದೆ ಮುಂದೆ ತೂಗುತ್ತ ಚೆಂಡನ್ನೇ ನೋಡುತ್ತಿದ್ದರು. ಮೈದಾನದಲ್ಲಿ ಎಂಥ ಮೌನವೆಂದರೆ ಅವರ ಎದೆಯ ಗೊರಗೊರ ಹಗ್ಗದಾಚೆಗೂ ಕೇಳುತ್ತಿತ್ತು.

ಮಗ ತಂದೆಯ ಹಿಂದೆ ಒಂದು ಹೆಜ್ಜೆ ಸರಿದು ಕೊಡೆ ಬಿಚ್ಚಿದ.

ಕತ್ತರಿ ಟೇಪಿಗೆ ಕೈ ಹಾಕಿದ. ಸುರುಳಿಯಲ್ಲಿ ರಟ್ಟಿನ ಬಳೆ ಮಾತ್ರ ಉಳಿದಿತ್ತು. ಅಕ್ಷರಗಳು ಕ್ಯಾಮೆರಾಗಳ ಕಡೆ ತಿರುಗುತ್ತಿದ್ದವು. ಅವನು ಮೈಮೇಲಿನ ಹಸಿರು ಅಂಗಿಯನ್ನು ಗುಂಡಿ ಕಿತ್ತುಕೊಂಡೇ ಬಿಚ್ಚಿ, ಹಗ್ಗ ಹಾರಿ, ಅಂಗಿಯ ಸಮೇತ ಕೊಡೆಯನ್ನು ತಬ್ಬಿಕೊಂಡು ನೆಲಕ್ಕೆ ಬಿದ್ದ. ಕೆಳಗೆ ಮಗ, ಮಧ್ಯೆ ಕೊಡೆ, ಮೇಲೆ ತೂತು ಬನಿಯನ್ನಿನ ಕತ್ತರಿ. ಅಕ್ಷರ ಒಂದೂ ಕಾಣಲಿಲ್ಲ.

ಚಾಂಪಿಯನ್ ಹಿಂದೆ ತಿರುಗಲಿಲ್ಲ. ಕೋಲು ಬೀಸಿದರು. ಚೆಂಡು ನಾಲ್ಕಡಿ ಉರುಳಿ, ಯೋಚನೆ ಮಾಡಿ, ನಿಂತಿತು. ಚಪ್ಪಾಳೆ ಎದ್ದಿತು. ಮಗನ ಎದೆಯ ಮೇಲೆ ಕುಳಿತಿದ್ದ ಕತ್ತರಿ ಕಾರ್ಯದರ್ಶಿಯತ್ತ ನೋಡಿದ. ಅವರು ತಲೆಯಾಡಿಸಿದರು. ಕೋಣೆ ಉಳಿಯಿತು ಎಂದುಕೊಂಡ.

ಆಗ ಚಾಂಪಿಯನ್ ಮೈಕು ಕೇಳಿದರು. ಮೂವತ್ತು ವರ್ಷಗಳಲ್ಲಿ ಅವರು ಅಲ್ಲಿ ಬಾಯಿ ಬಿಟ್ಟಿದ್ದಿಲ್ಲ. ಕಾರ್ಯದರ್ಶಿ ಕಣ್ಣೊರೆಸಿಕೊಳ್ಳುತ್ತ ತಾವೇ ತಂದುಕೊಟ್ಟರು.

"ಈ ಕ್ಲಬ್ಬು ವರ್ಷ ವರ್ಷ ನಂಗೊಂದು ಗೋಡೆ ಗಡಿಯಾರ ಕೊಟ್ಟಿದೆ," ಎಂದರು ಚಾಂಪಿಯನ್. "ಮೂವತ್ತಿವೆ. ನಡಿಯೋದು ಎರಡು. ಸುಖಾಂತ್ಯದವ್ರು ಜಾಗ ಕೊಟ್ಟಿದಾರೆ. ಗೋಡೆ ಪಕ್ಕ, ನೆರಳು. ಮೊನ್ನೆ ಹೋಗಿ ಮಲಗಿ ನೋಡ್ದೆ. ಬೆನ್ನಿಗೆ ಆರಾಮ." ಉಸಿರು ಎಳೆದುಕೊಂಡರು. "ಸುಖಾಂತ್ಯ. ಮರೀಬೇಡಿ. ಸುಖಾಂತ್ಯ. ನಿಮ್ಗೂ ಬೇಕಾಗತ್ತೆ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಕ್ಯಾಮೆರಾಗಳು ಮಾತ್ರ ಒಂದು ಮಾತನ್ನೂ ಬಿಡಲಿಲ್ಲ.

ಹತ್ತು ನಿಮಿಷದ ಮೇಲೆ ಕಾರ್ಯದರ್ಶಿ ಕತ್ತರಿಯನ್ನು ಶೆಡ್ಡಿನ ಗೋಡೆಗೆ ಒರಗಿಸಿ ನಿಲ್ಲಿಸಿದ್ದರು.

"ಹೆಸರು ಹೊರಗೆ ಬರಬಾರದು ಅಂದಿದ್ದೆ."

"ಸಾರ್, ಕಂಡಿದ್ದೆಲ್ಲ ಮುಚ್ಚಿದೀನಿ. ಬಾಯಿ ಮುಚ್ಚಿಸು ಅಂತ ನೀವು ಹೇಳಿರ್ಲಿಲ್ಲ."

"ಹೇಳಿದ್ರೆ ಮುಚ್ಚಿಸ್ತಿದ್ಯಾ?"

ಕತ್ತರಿ ಪ್ರಾಮಾಣಿಕವಾಗಿ ಯೋಚಿಸಿದ. "ಟೇಪು ಮುಗಿದಿತ್ತು ಸಾರ್."

"ಅಧ್ಯಕ್ಷರು ನನ್ನ ಕುತ್ತಿಗೆಗೆ ಬಂದಿದಾರೆ. ಯಾರನ್ನಾದ್ರೂ ತೋರಿಸ್ಬೇಕು. ತಿಂಗಳ ಕೊನೆಗೆ ಕೋಣೆ ಬಿಡು."

ಕತ್ತರಿ ಬನಿಯನ್ನಿನಲ್ಲೇ ಮ್ಯಾನೇಜರನ್ನು ಹುಡುಕಿಕೊಂಡು ಹೋದ. ಅವರು ವ್ಯಾನಿನ ನೆರಳಲ್ಲಿ ನಿಂತು ಚಹಾ ಕುಡಿಯುತ್ತಿದ್ದರು.

"ಸಾರ್, ನಿಮ್ಮ ಹೆಸರು ಬಂತಲ್ಲ. ಮೂರು ಸಲ ಬಂತು. ಆ ಮನೆ ನಂಗೆ ಕೊಡಿ. ಕಾರ್ಯದರ್ಶಿ ಕೋಣೆ ಬಿಡು ಅಂದ್ರು."

ಮ್ಯಾನೇಜರ್ ಲೋಟ ಕೆಳಗಿಟ್ಟರು. "ಶೆಡ್ಡಿನ ಹಿಂದಿನ ಕೋಣೆ ತಾನೆ? ಒಂದನೇ ತಾರೀಕಿಂದ ಅದು ನಮ್ಮ ಆಫೀಸು. ಪ್ರಾಯೋಜಕತ್ವದ ಒಪ್ಪಂದದಲ್ಲೇ ಇದೆ. ನಿಮ್ಮ ಕಾರ್ಯದರ್ಶಿ ಎರಡು ತಿಂಗಳ ಹಿಂದೆ ಸಹಿ ಹಾಕಿದ್ರು."

"ಬೆಳಿಗ್ಗೆ ನಂಗೆ ಇರು ಅಂದ್ರು."

"ನಿಮ್ಗೆ ಏನಂದ್ರೋ ನಂಗೊತ್ತಿಲ್ಲ. ಅಳತೆ ತೊಗೊಳಕ್ಕೆ ಬಂದಾಗ ಒಳಗೆ ಮಂಚದ ಮೇಲೆ ನಿಮ್ಮ ಅತ್ತೆಯವರನ್ನ ನೋಡ್ದೆ. ಅವರಿಗೊಂದು ನೆಲೆ ಆಗ್ಲಿ ಅಂತಾನೇ ನಿಮ್ಮನ್ನ ಕರೆದಿದ್ದು. ಕೊಡೆ ವಿಷ್ಯ ಹೇಳಿದ್ದು, ಮನೆ ಕೊಡಕ್ಕೆ ಮೇಲಿನವರ ಕಣ್ಣಿಗೆ ಒಂದು ಕಾರಣ ಇರ್ಲಿ ಅಂತ."

ಕತ್ತರಿ ವ್ಯಾನಿಗೆ ಕೈ ಊರಿದ. "ಈಗ ಆ ಮನೆ?"

"ಕೊಡೆ ಹಿಡಿದವರಿಗೆ ಹೋಯ್ತು. ನೀವು ಮೇಲೆ ಬಿದ್ರಲ್ಲ, ಮಣಿಕಟ್ಟು ಮುರಿದಿದೆ. ಪರಿಹಾರ ಕೇಳಿದ್ರು. ಮನೆ, ಕೆಲಸ ಎರಡೂ ಕೊಟ್ವಿ."

"ಅವ್ರಿಗೆ ಹುಲ್ಲು ಕತ್ತರಿಸಕ್ಕೆ ಬರುತ್ತಾ?"

"ಅಲ್ಲಿ ಯಾರೂ ದೂರು ಕೊಡಲ್ಲ."

ಆಚೆ ಧ್ವನಿವರ್ಧಕದಲ್ಲಿ ಮೊದಲ ಆಟಗಾರನ ಹೆಸರು ಕೂಗಿದರು. ಮ್ಯಾನೇಜರ್ ಕೋಟಿನ ಒಳಜೇಬಿನಿಂದ ಸಣ್ಣ ಪುಸ್ತಕವನ್ನೂ ಪೆನ್ನನ್ನೂ ತೆಗೆದರು. ಅವರ ದನಿ ಇನ್ನಷ್ಟು ತಗ್ಗಿತು, ಇನ್ನಷ್ಟು ಮೆತ್ತಗಾಯಿತು.

"ನಿಮಗೆ, ನಿಮ್ಮ ಹೆಂಡತಿಗೆ ಈಗ ನನ್ನ ಕೈಯಲ್ಲಿ ಏನೂ ಇಲ್ಲ. ನಿಮ್ಮ ಅತ್ತೆಯವರಿಗಾದ್ರೆ ಜಾಗ ಇದೆ. ಎಂದಿನಿಂದ ಬೇಕು, ಹೇಳಿ."