ಜಪಾನಿನ ಸೊಪ್ಪಿಗೆ ಕೊರ್ತಾಲಿಮ್ ಚಳಿ

ಹೆಂಡತಿಯ ಮುನಿಸನ್ನು ಸೀರೆ ಕೊಟ್ಟು ಕರಗಿಸಿದವರಿದ್ದಾರೆ, ಸಿನಿಮಾ ತೋರಿಸಿ ಕರಗಿಸಿದವರಿದ್ದಾರೆ. ಸೊಪ್ಪು ಬೆಳೆದು ಕರಗಿಸಲು ಹೊರಟ ಜಾಣ ನಾನೊಬ್ಬನೇ ಇರಬೇಕು. ಅಸಲಿಗೆ ಅದು ಮುನಿಸೂ ಅಲ್ಲ. ಎಂಬತ್ತರ ದಶಕದ ಕೊನೆಯಲ್ಲಿ ಮದುವೆಯಾಗಿ, ವಿಜಾಪುರದ ಕಡೆಯಿಂದ ಗೋವಾದ ಕೊರ್ತಾಲಿಮ್‌ನ ನನ್ನ ಬಾಡಿಗೆ ಕೋಣೆಗೆ ಬಂದ ನೀಲವ್ವ ಅರ್ಧ ರೊಟ್ಟಿಗೇ ಕೈ ತೊಳೆಯುತ್ತಿದ್ದಳು. ಕೇಳಿದರೆ, "ಹಕ್ಕರಕಿ ಇಲ್ಲದ ರೊಟ್ಟಿ ಗಂಟಲಾಗ ಇಳಿಯಂಗಿಲ್ರೀ" ಎನ್ನುವಳು. ಚಳಿಗಾಲದಲ್ಲಿ ನಮ್ಮ ಜೋಳದ ಹೊಲಗಳಲ್ಲಿ ತಾನೇ ಹುಟ್ಟುವ ಆ ಹಸಿ ಸೊಪ್ಪನ್ನು ಕಡಲ ದಂಡೆಯಲ್ಲಿ ಎಲ್ಲಿಂದ ತರಲಿ? ಮೆಂತ್ಯ ತಂದರೆ ಮುಖ ತಿರುಗಿಸುತ್ತಿದ್ದಳು. ದೀಪಾವಳಿಯ ಹೊತ್ತಿಗೆ ಟ್ರಂಕಿಗೆ ಸೀರೆ ತುಂಬಿಟ್ಟು, "ಸಂಕ್ರಾಂತಿಗೆ ಅಣ್ಣ ಬರ್ತಾನ. ಹೋಗಿ ಸ್ವಲ್ಪ ದಿನ ಇದ್ದು ಬರ್ತೀನ್ರಿ" ಎಂದಳು. ಹೋದವಳು ಮರಳಿ ಬರುತ್ತಾಳೆಂಬ ಧೈರ್ಯ ನನಗಿರಲಿಲ್ಲ.

ನಾನು ಬಂದರಿನಲ್ಲಿ ಲಾರಿ ಓಡಿಸುತ್ತಿದ್ದೆ. ಅದಿರು ಒಯ್ಯಲು ಬಂದ ಜಪಾನಿನ ಹಡಗಿನ ಅಡುಗೆಯವನೊಬ್ಬ, ನಾನು ರೊಟ್ಟಿಗೆ ಹಸಿ ಮೆಂತ್ಯ ನಂಚಿಕೊಳ್ಳುವುದನ್ನು ಕಂಡು ಖುಷಿಯಾಗಿ, ಮರುದಿನ ಬೀಜದ ಪೊಟ್ಟಣವೊಂದನ್ನು ಕೊಟ್ಟ. ಮೇಲಿನ ಚಿತ್ರದಲ್ಲಿ ಹಕ್ಕರಕಿಯ ಹಾಗೆಯೇ ಅಂಚು ಸೀಳಿದ ಎಲೆ! "ಮಿಜುನಾ" ಎಂದ. ಆಮೇಲೆ ತನ್ನನ್ನೇ ತಬ್ಬಿಕೊಂಡು ಗಡಗಡ ನಡುಗಿ ತೋರಿಸಿದ. ಚಳಿಯನ್ನೂ ತಡೆದುಕೊಳ್ಳುವ ಸೊಪ್ಪು ಎಂದಿದ್ದನೋ ಏನೋ, ಚಳಿ ಇಲ್ಲದೆ ಬೆಳೆಯುವುದೇ ಇಲ್ಲ ಎಂದು ನಾನು ತಿಳಿದೆ.

ಕೊರ್ತಾಲಿಮ್‌ನಲ್ಲಿ ಚಳಿ ಸಿಗುವ ಜಾಗ ಒಂದೇ, ಮೀನು ಮಾರುಕಟ್ಟೆ. ಮೀನಿನ ಬುಟ್ಟಿಗಳಲ್ಲಿ ಉಳಿದ ಮಂಜುಗಡ್ಡೆಯನ್ನು ಬಕೆಟ್ಟಿನಲ್ಲಿ ತಂದು, ಹಿತ್ತಲಲ್ಲಿ ನಾನು ಬಿತ್ತಿದ ಆ ಬೀಜದ ಎಳೆಯ ಸಸಿಗಳ ಸುತ್ತ ಸುರಿದೆ. ಬಂದದ್ದು ಚಳಿಯಲ್ಲ, ಊರಿನ ಬೆಕ್ಕುಗಳು. ಮೂರು ದಿನಕ್ಕೆ ಪಾತಿಯನ್ನೆಲ್ಲ ಕೆದರಿ ಹಾಕಿದವು. ನೀಲವ್ವ ಮೂಗಿಗೆ ಸೆರಗು ಹಿಡಿದು, "ಸೊಪ್ಪು ಬೆಳಿಯಾಕತ್ತೀರೋ, ಮೀನಾ ಬಿತ್ತಾಕತ್ತೀರೋ?" ಎಂದು ನಕ್ಕಳು. ಗೋವಾಕ್ಕೆ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ನನಗೋ ಅಳುವುದೊಂದು ಬಾಕಿ.

ಸಂಕ್ರಾಂತಿಗೆ ವಾರವಿದೆ ಎನ್ನುವಾಗ ಒಂದು ಬೆಳಿಗ್ಗೆ ನನ್ನ ರೊಟ್ಟಿಯ ಪಕ್ಕದಲ್ಲಿ ನಾಲ್ಕು ಹಸಿರು ಎಲೆ! ಬೆಕ್ಕುಗಳು ಬಿಟ್ಟುಹೋದ ನಾಲ್ಕೈದು ಸಸಿಗಳನ್ನು ಅವಳು ಎಣ್ಣೆ ಡಬ್ಬದಲ್ಲಿ ನೆಟ್ಟು, ಒದ್ದೆ ಗೋಣಿ ಸುತ್ತಿ, ಹಿಂದಿನ ಗೋಡೆಯ ನೆರಳಿನಲ್ಲಿಟ್ಟಿದ್ದಳು. "ನೀರಿನ ಕೊಡ ತಂಪಿಡಾಕ ಹಿಂಗ ಮಾಡ್ತೇವಲ್ರಿ, ಇದಕ್ಕೂ ಮಾಡಿದೆ" ಎಂದಳು. ರೊಟ್ಟಿಯೊಳಗೆ ಎಲೆ ಸುತ್ತಿ ಕಚ್ಚಿದಳು.

"ಹಕ್ಕರಕಿ ಹಂಗ ಇಲ್ಲ ಬಿಡ್ರಿ. ಸಾಸಿವಿ ಘಾಟು ಐತಿ."

ಆದರೆ ಅವಳ ಕೈ ಎರಡನೆಯ ರೊಟ್ಟಿಗೆ ಹೋಯಿತು. ಇನ್ನಷ್ಟು ಎಲೆ ಕೀಳಲು ಓಡಿದ ನನ್ನನ್ನು ತಡೆದು, "ಆ ದೊಡ್ಡ ಗಿಡ ಮುಟ್ಟಬ್ಯಾಡ್ರಿ, ಹೂ ಬಿಡ್ಲಿ. ಬರೋ ಚಳಿಗಾಲಕ್ಕ ನಮಗ ಬೀಜ ಬೇಕಲ್ಲ?" ಎಂದಳು.

ಬರುವ ಚಳಿಗಾಲಕ್ಕೆ, ನಮಗೆ! ಕಣ್ಣು ತುಂಬಿ ಬಂತು. ಸಾಸಿವೆ ಘಾಟು ಎಂದು ಹೇಳಿ ಒರೆಸಿಕೊಂಡೆ. ಸಂಕ್ರಾಂತಿಗೆ ಬಂದ ಅವಳ ಅಣ್ಣ ಎಳ್ಳು ಕೊಟ್ಟು, ಹೊಟ್ಟೆ ತುಂಬ ಉಂಡು, ಒಬ್ಬನೇ ಬಸ್ಸು ಹತ್ತಿದ.

ಆಮೇಲೆ ವರ್ಷಗಟ್ಟಲೆ, ಮನೆಗೆ ಬಂದವರಿಗೆಲ್ಲ ಆ ಸೊಪ್ಪು ನಾನೇ ಬೆಳೆದದ್ದೆಂದು ಹೇಳಿಕೊಂಡಿದ್ದೇನೆ. ನೀಲವ್ವ ಒಮ್ಮೆಯೂ ಅಲ್ಲಗಳೆಯಲಿಲ್ಲ. ಸುಮ್ಮನೆ ಹೊರಗೆ ಹೋಗಿ ಆ ಮಂಜುಗಡ್ಡೆಯ ಬಕೆಟ್ ಸದ್ದು ಮಾಡುತ್ತಿದ್ದಳು, ಓಣಿಯ ಬೆಕ್ಕುಗಳೆಲ್ಲ ಓಡಿಬಂದು ನನ್ನ ಸುತ್ತ ಕೂರುತ್ತಿದ್ದವು.