ಹತ್ತನೆಯ ವಾರದ ಹುಕುಂ

ಸಾವಿರದ ಒಂಬೈನೂರ ಎಪ್ಪತ್ನಾಲ್ಕನೆಯ ಇಸವಿಯ ಕಾರ್ತಿಕ ಮಾಸದ ಒಂದು ಮುಂಜಾನೆ, ಚಿತ್ರದುರ್ಗದ ಕಚೇರಿಯೊಂದರ ನಕಲು ಗುಮಾಸ್ತನಾದ ಯತ್ತಪ್ಪನು ತನ್ನ ಮನೆಯ ಹೊಸ್ತಿಲಿನಿಂದ ಚಂದ್ರವಳ್ಳಿ ಕೆರೆಯ ಏರಿಯವರೆಗೆ, ಎರಡು ಮೈಲಿಯ ದೂರವನ್ನು, ಎಲ್ಲಿಯೂ ನಿಲ್ಲದೆ ಓಡಿ ಮುಟ್ಟಿದನು. ಕೋಟೆಯ ಕಲ್ಲುಗಳನ್ನು ಬೆಟ್ಟಕ್ಕೆ ಏರಿಸಿದವರು ಕೂಡ ಅಷ್ಟು ಬೆವರು ಸುರಿಸಿರಲಾರರು. ಏರಿಯ ಮೇಲೆ ಮಲಗಿ ಆಕಾಶ ನೋಡುತ್ತ ಅವನು ಅತ್ತದ್ದು ಸಂತೋಷಕ್ಕೋ ಮಂಡಿನೋವಿಗೋ, ಅವನಿಗೇ ತಿಳಿಯದು.

ಅವನ ತಂದೆ ನಲವತ್ತೈದನೆಯ ವಯಸ್ಸಿನಲ್ಲಿ ಅಟ್ಟದ ಏಳನೆಯ ಮೆಟ್ಟಿಲ ಮೇಲೆ ಉಸಿರು ಸಾಲದೆ ಕುಳಿತವನು ಮತ್ತೆ ಎದ್ದಿರಲಿಲ್ಲ. ಯತ್ತಪ್ಪನಿಗೆ ಮುಂದಿನ ಯುಗಾದಿಗೆ ನಲವತ್ತೈದು ತುಂಬುವುದರಲ್ಲಿತ್ತು. ಡಾಕ್ಟರ್ ಚಿಕ್ಕತಿಮ್ಮಪ್ಪನವರು ಅವನ ಎದೆಗೆ ಕೊಳವೆಯಿಟ್ಟು ಆಲಿಸಿ, ತಲೆಯಾಡಿಸಿ, ಒಂದು ಹಾಳೆಯ ಮೇಲೆ ನೀಲಿ ಶಾಯಿಯಲ್ಲಿ ಒಂಬತ್ತು ವಾರಗಳ ಓಟದ ಪಟ್ಟಿಯನ್ನು ಬರೆದುಕೊಟ್ಟರು. ಮೊದಲ ವಾರ ಐವತ್ತು ಹೆಜ್ಜೆ ಓಟ, ಇನ್ನೂರು ಹೆಜ್ಜೆ ನಡಿಗೆ. ಒಂಬತ್ತನೆಯ ವಾರ ಎರಡು ಮೈಲಿ. ಯತ್ತಪ್ಪನು ದೇವರ ಮಾತನ್ನು ಮೀರಿದ್ದುಂಟು, ಹೆಂಡತಿಯ ಮಾತನ್ನು ದಿನವೂ ಮೀರುತ್ತಿದ್ದನು. ಕಾಗದದ ಮಾತನ್ನು ಮಾತ್ರ ಎಂದೂ ಮೀರಿದವನಲ್ಲ. ಪಟ್ಟಿಯನ್ನು ಗೋಡೆಗೆ ಅಂಟಿಸಿ ಅಕ್ಷರಶಃ ನಡೆಸಿದನು.

ತೊಂದರೆ ಹುಟ್ಟಿದ್ದು ಒಂಬತ್ತನೆಯ ವಾರದ ಕೆಳಗಿನ ಖಾಲಿ ಜಾಗದಲ್ಲಿ. ಮರುವಾರ ಅವನು ಕ್ಯಾನ್ವಾಸ್ ಬೂಟು ಹಾಕಿಕೊಂಡು ಪಟ್ಟಿಯ ಮುಂದೆ ನಿಂತನು. ಅಲ್ಲಿ ಏನೂ ಬರೆದಿರಲಿಲ್ಲ. ಬೂಟು ಬಿಚ್ಚಿಟ್ಟು ಮಲಗಿದನು.

"ಓಡ್ರಿ ಯತ್ತಪ್ಪಣ್ಣ, ಕಲ್ತಿದ್ದು ಮರೀತೀರಿ," ಎಂದು ಪಕ್ಕದ ಮನೆಯ ದರ್ಜಿ ಜಬೀವುಲ್ಲಾ ನೆನಪಿಸಿದರೆ, "ಯಾರ್ ಹೇಳ್ಯಾರೆ? ಆರ್ಡರ್ ಎಲ್ಲೈತೆ?" ಎಂದು ಗದರುತ್ತಿದ್ದನು. ಆರ್ಡರ್ ಕೊಡಬೇಕಾದ ಡಾಕ್ಟರಿಗೆ ಹೊಸದುರ್ಗಕ್ಕೆ ವರ್ಗವಾಗಿತ್ತು. ಹೀಗೆ ಮೂರು ವಾರ ಕಳೆಯುವುದರೊಳಗೆ, ಓಟದ ಕಾಟಕ್ಕೆ ತವರಿಗೆ ಹೋಗಿದ್ದ ಹೊಟ್ಟೆ ಸಾಮಾನು ಸಮೇತ ಮರಳಿ ಬಂದಿತು. ಕಚೇರಿಯ ಮೆಟ್ಟಿಲು ಹತ್ತುವಾಗ ಯತ್ತಪ್ಪನು ಎಣಿಸತೊಡಗಿದನು. ಏಳನೆಯದನ್ನು ಕಣ್ಣುಮುಚ್ಚಿ ದಾಟುತ್ತಿದ್ದನು.

ಮಾರ್ಗಶಿರದ ಒಂದು ಸೋಮವಾರ ಬೆಳಕು ಹರಿಯುವಾಗ ಮಂಜು ಇಡೀ ಬೆಟ್ಟವನ್ನು ನುಂಗಿತ್ತು. ಹಲ್ಲುಜ್ಜುತ್ತ ಗೋಡೆಯ ಕಡೆ ನೋಡಿದ ಯತ್ತಪ್ಪನ ಕೈ ಬಾಯಲ್ಲೇ ನಿಂತಿತು. ಖಾಲಿ ಜಾಗದಲ್ಲಿ, ಅದೇ ನೀಲಿ ಶಾಯಿಯಲ್ಲಿ, ಡಾಕ್ಟರರ ಅದೇ ಓರೆ ಅಕ್ಷರದಲ್ಲಿ ಹೊಸದೊಂದು ಸಾಲು ಮೂಡಿತ್ತು: 'ಹತ್ತನೆಯ ವಾರ, ಸೋಮವಾರ. ಚಂದ್ರವಳ್ಳಿ ಗವಿಯ ಬಾಯಿಯವರೆಗೆ ಓಡುವುದು. ನಡುವೆ ನಿಲ್ಲಕೂಡದು.'

"ಲೇ ನಾಗಿ! ಮನೆಗೆ ಯಾರು ಬಂದಿದ್ರೇ?" ಎಂದು ಹೆಂಡತಿಯನ್ನು ಕೂಗಿದನು.

"ಯಾರೂ ಬಂದಿಲ್ಲ. ಹಾಕಿದ್ದ ಚಿಲಕ ಹಾಕ್ದಂಗೇ ಐತೆ," ಎಂದಳು ನಾಗಕ್ಕ, ಒಲೆಯ ಮುಂದಿನಿಂದ.

ಕೂಗು ಕೇಳಿ ಜಬೀವುಲ್ಲಾ ಕೊರಳಿನ ಟೇಪಿನೊಂದಿಗೇ ಓಡಿಬಂದನು. ಬೆಂಕಿ ಕೇಳಲು ಬಂದಿದ್ದ ಎದುರುಮನೆಯ ಮುದುಕಿ ಹುಚ್ಚಕ್ಕ, ಓದು ಬಾರದಿದ್ದರೂ, ಹಾಳೆಯನ್ನು ಮೂಸಿ ನೋಡಿ ತೀರ್ಪು ಕೊಟ್ಟಳು. "ಆ ಡಾಕ್ಟ್ರು ಹೋಗಿಬಿಟ್ಟವ್ನೆ ಕಣಪ್ಪ. ಹೋದೋರೇ ಹಿಂಗೆ ಬಿಟ್ಟ ಕೆಲ್ಸ ಮುಗ್ಸಾಕೆ ಬರಾದು."

"ಹೊಸದುರ್ಗಕ್ಕೆ ಹೋಗ್ಯಾರವ್ವ!" ಎಂದನು ಯತ್ತಪ್ಪ.

"ಅಲ್ಲಿಂದ ಮುಂದೆ ಎಲ್ಲಿಗೆ ಹೋದ್ನೋ, ನೀನೇನ್ ಕಂಡಿದ್ಯಾ?"

ಯತ್ತಪ್ಪನ ಮಟ್ಟಿಗೆ, ಬರೆದವರು ಬದುಕಿರಲಿ ಸತ್ತಿರಲಿ, ಬರೆದದ್ದು ಬರೆದದ್ದೇ. ಅವನು ಬೂಟು ಕಟ್ಟಿದನು. "ನಾನು ಡಾಕ್ಟ್ರಿಗೆ ಟ್ರಂಕ್ ಕಾಲ್ ಬುಕ್ ಮಾಡ್ತೀನಿ, ನೀವು ಓಡ್ತಿರ್ರಿ," ಎಂದು ಜಬೀವುಲ್ಲಾ ಅಂಚೆ ಕಚೇರಿಯ ಕಡೆ ಧಾವಿಸಿದನು.

ಮಂಜಿನಲ್ಲಿ ದಾರಿ ಎರಡು ಮಾರಿಗೆ ಮುಗಿದುಹೋಗುತ್ತಿತ್ತು. ಅವನ ಹೆಜ್ಜೆಯ ಸದ್ದನ್ನು ಬಂಡೆಗಳು ತುಸು ತಡವಾಗಿ ಹಿಂದಿರುಗಿಸುತ್ತಿದ್ದವು. ನಡುನಡುವೆ ಅವನು ಹಾಕದ ಒಂದು ಹೆಜ್ಜೆಯನ್ನೂ ಸೇರಿಸಿ ಹಿಂದಿರುಗಿಸಿದಂತೆ ತೋರುತ್ತಿತ್ತು. ಗವಿಯ ಬಾಯಿಯನ್ನು ಮುಟ್ಟಿದಾಗ ಒಳಗಿನಿಂದ ತಣ್ಣನೆಯ ಗಾಳಿ, ಮಲಗಿದ್ದವರು ಮಗ್ಗುಲು ಬದಲಾಯಿಸಿ ಬಿಟ್ಟ ಉಸಿರಿನಂತೆ ಮುಖಕ್ಕೆ ಬಡಿಯಿತು. ಹಿಂದಿರುಗುವ ದಾರಿಯಲ್ಲಿ ಕುರಿಕಾಯುವ ಜುಂಜಯ್ಯ ಕಂಬಳಿ ಹೊದ್ದು ನಿಂತಿದ್ದನು. ಅವನ ನಲವತ್ತು ಕುರಿಗಳೂ ಮೇಯುವುದನ್ನು ಬಿಟ್ಟು ತಲೆಯೆತ್ತಿದವು. ಅವು ನೋಡುತ್ತಿದ್ದುದು ಯತ್ತಪ್ಪನನ್ನಲ್ಲ, ಅವನ ಭುಜದ ಹಿಂದೆ.

"ಏನ್ ಸ್ವಾಮಿ," ಎಂದನು ಜುಂಜಯ್ಯ ಸಹಜವಾಗಿ, "ಇಬ್ರೂ ಎತ್ಲಾಗೆ ಹೋಗಿದ್ರಿ?"

ಯತ್ತಪ್ಪನು ತಿರುಗಿಯೂ ನೋಡದೆ ಓಟ ಕಿತ್ತನು. ಹೋಗುವಾಗ ಅರ್ಧ ಗಂಟೆ ಹಿಡಿದಿದ್ದ ದಾರಿಯನ್ನು ಹದಿನೆಂಟು ನಿಮಿಷದಲ್ಲಿ ಮುಗಿಸಿ, ಮನೆಯ ಬಾಗಿಲನ್ನು ತೆರೆಯುವುದಕ್ಕೆ ಮೊದಲೇ ಒಳಗೆ ಹೋಗಲು ಯತ್ನಿಸಿ ಹಣೆಗೆ ಬುಗುಟು ಮಾಡಿಕೊಂಡನು.

ಮಧ್ಯಾಹ್ನ ಒಂದು ಗಂಟೆಗೆ ಅಂಚೆ ಕಚೇರಿಯಲ್ಲಿ ಹೊಸದುರ್ಗದ ಕರೆ ಸಿಕ್ಕಿತು. ಡಾಕ್ಟರರ ದನಿ ಬಾವಿಯ ತಳದಿಂದ ಬಂದಂತೆ ಕೇಳಿಸಿತು.

"ಸ್ವಾಮಿ, ತಾವು... ಬದುಕಿದೀರಾ?" ಎಂದನು ಯತ್ತಪ್ಪ, ಸಾಧ್ಯವಾದಷ್ಟು ಮರ್ಯಾದೆಯಿಂದ; ಹೊಸ ಸಾಲಿನ ಸಂಗತಿಯನ್ನೂ ಹೇಳಿದನು.

"ಊಟಕ್ಕೆ ಕುಂತಿದ್ದೆ ಕಣ್ರೀ! ಸತ್ತೆ ಅಂದೋರ್ ಯಾರು? ನಾನೇನೂ ಬರ್ದಿಲ್ಲ. ಆದ್ರೆ ಬರ್ದೋರು ಯಾರೇ ಆಗ್ಲಿ, ಸರಿಯಾಗೇ ಬರ್ದವ್ರೆ. ಓಡ್ರಿ!" ಎಂದದ್ದೇ ಕರೆ ಕಡಿಯಿತು.

ಡಾಕ್ಟರು ಬದುಕಿದ್ದಾರೆಂಬ ಸುದ್ದಿಯಿಂದ ಯತ್ತಪ್ಪನ ಭಯ ಇಮ್ಮಡಿಯಾಯಿತು. ಸತ್ತಿದ್ದರೆ ಬರೆದವರು ಯಾರೆಂದಾದರೂ ತಿಳಿದಿರುತ್ತಿತ್ತು. ಹಾಳೆಯನ್ನು ಗೋಡೆಯಿಂದ ಕಿತ್ತು ಕಚೇರಿಗೆ ಒಯ್ದು ಹಿರಿಯ ಗುಮಾಸ್ತ ಏಕಾಂತಪ್ಪನವರ ಮುಂದಿಟ್ಟನು. ಅವರು ಭೂತಗನ್ನಡಿ ಹಿಡಿದು ಸಾಲಿನ ಕೊನೆಯವರೆಗೆ ಕಣ್ಣಾಡಿಸಿ, ಹಾಳೆಯ ಮೂಲೆಯಲ್ಲಿ ದೃಷ್ಟಿ ನಿಲ್ಲಿಸಿ, ಗಹಗಹಿಸಿ ನಕ್ಕರು. ಯಾವ ಕಾಗದದ ಪ್ರತಿ ತೆಗೆದರೂ ನಕಲುಗಾರನು ಮೂಲೆಯಲ್ಲಿ ತನ್ನ ಹೆಸರಿನ ಮೊದಲಕ್ಷರವನ್ನು ಸಣ್ಣದಾಗಿ ಹಾಕಬೇಕೆಂಬುದು ಆ ಕಚೇರಿಯ ನಿಯಮ. ಇಲ್ಲಿಯೂ, ಇರುವೆಯಷ್ಟು ಗಾತ್ರದಲ್ಲಿ, ಒಂದು 'ಯ' ಕುಳಿತಿತ್ತು.

"ಇಪ್ಪತ್ತು ವರ್ಷ ಕಂಡೋರ ಅಕ್ಷರ ತೀಡಿದ ಕೈ ಕಣಪ್ಪ," ಎಂದರು ಏಕಾಂತಪ್ಪ. "ನೀನು ಮಲಗಿದ್ರೂ ಅದು ಮಲಗಾಕಿಲ್ಲ."

ಸಂಜೆ ಮನೆಯಲ್ಲಿ ವಿಚಾರಣೆ ನಡೆಯಿತು.

"ಹೂಂ, ರಾತ್ರಿ ನೀವೇ ಎದ್ದು ಬರೀತಿದ್ರಿ," ಎಂದಳು ನಾಗಕ್ಕ. "ಆಫೀಸಿನ ಕೆಲ್ಸ ಅಂದ್ಕಂಡು ನಾನೇ ಲಾಟೀನು ಹಿಡ್ಕಂಡು ನಿಂತಿದ್ದೆ."

"ಮತ್ತೆ ಬೆಳಿಗ್ಗೆ ಕೇಳ್ದಾಗ ಬೊಗಳಾಕೆ ಏನಾಗಿತ್ತು?"

"ಯಾರು ಬಂದಿದ್ರು ಅಂತ ಕೇಳಿದ್ರಿ. ನೀವು ಎಲ್ಲಿಗೂ ಹೋಗೇ ಇರ್ಲಿಲ್ಲವಲ್ಲ, ಬರಾಕೆ!"

ಬೀದಿಯೆಲ್ಲ ಹೊಟ್ಟೆ ಹಿಡಿದು ನಕ್ಕಿತು. ಆದರೆ ಯತ್ತಪ್ಪನ ಎರಡು ತೊಡೆಗಳೂ ಒನಕೆಗಳಂತೆ ಬಿಗಿದಿದ್ದವು; ಮಂಗಳವಾರದ ಸಾಲು ಮೂಡುವುದು ಖಚಿತವಾಗಿತ್ತು. ಹುಕುಮನ್ನು ರದ್ದುಪಡಿಸಲು ಕಚೇರಿಯಲ್ಲಿ ಒಂದು ಕ್ರಮವುಂಟು. ಅವನು ಕಾಲು ಚಾಚಿ ಕುಳಿತು, 'ಕಾಲುನೋವಿನ ಪ್ರಯುಕ್ತ ನಾಳಿನ ಓಟದಿಂದ ವಿನಾಯಿತಿ ದಯಪಾಲಿಸಬೇಕು' ಎಂದು ಅರ್ಜಿ ಬರೆದು, ಪಟ್ಟಿಯನ್ನು ಮತ್ತೆ ಗೋಡೆಗೆ ಹಚ್ಚಿ, ಅದರ ಪಕ್ಕದಲ್ಲಿ ಅಂಟಿಸಿದನು.

"ಅರ್ಜಿ ಹಾಕೋರೂ ನೀವೇ, ಮಂಜೂರು ಮಾಡೋರೂ ನೀವೇ. ಇಷ್ಟು ಒಳ್ಳೆ ಕಚೇರಿ ಜಿಲ್ಲೇಲೇ ಇಲ್ರಿ," ಎಂದು ಜಬೀವುಲ್ಲಾ ಹೊಗಳಿದನು. ಆದರೂ ಎಚ್ಚರಿಕೆಗೆಂದು ಪೆನ್ನನ್ನೂ ಶಾಯಿಯ ಬಾಟಲಿಯನ್ನೂ ಒಯ್ದು ತನ್ನ ಹೊಲಿಗೆ ಯಂತ್ರದ ಖಾನೆಯಲ್ಲಿ ಬೀಗ ಹಾಕಿದನು; ಯತ್ತಪ್ಪನ ಬಲಗೈಯನ್ನು ಮಂಚದ ಕಾಲಿಗೆ ಬಿಳಿ ನೂಲಿನಿಂದ ಹನ್ನೆರಡು ಸುತ್ತು ಕಟ್ಟಿದನು. ನಾಗಕ್ಕ ಲಾಟೀನಿನೊಂದಿಗೆ ಕಾವಲು ಕುಳಿತಳು.

ಮುಂಜಾನೆ ಯತ್ತಪ್ಪ ಕಣ್ಣು ತೆರೆದಾಗ ನೂಲು ಕಟ್ಟಿದಂತೆಯೇ ಇತ್ತು. ನಾಗಕ್ಕ ಕುಳಿತಂತೆಯೇ ಇದ್ದಳು.

"ಒಂದ್ ಸಲಾನೂ ಮಿಸುಕ್ಲಿಲ್ಲ ನೀವು. ನಾನು ರೆಪ್ಪೆ ಬಡಿದಿಲ್ಲ," ಎಂದಳು.

ಜಬೀವುಲ್ಲಾ ಬಂದು, ಬೀಗ ಹಾಗೆಯೇ ಇದೆಯೆಂದು ಹೇಳಿ, ನೂಲು ಕತ್ತರಿಸಿದನು. ಮೂವರೂ ನಗುತ್ತಲೇ ಗೋಡೆಯ ಕಡೆ ನಡೆದರು.

ಅರ್ಜಿಯ ಅಡಿಯಲ್ಲಿ ನೀಲಿ ಶಾಯಿ ಇನ್ನೂ ಒದ್ದೆಯಾಗಿ ಹೊಳೆಯುತ್ತಿತ್ತು: 'ತಿರಸ್ಕರಿಸಲಾಗಿದೆ. ಈ ದಿನ ಹೊಳಲ್ಕೆರೆ ರಸ್ತೆಯಲ್ಲಿ ನಾಲ್ಕು ಮೈಲಿ.'

ಯತ್ತಪ್ಪನು ಮೂಗು ತಾಕುವಷ್ಟು ಬಾಗಿ ಮೂಲೆಯನ್ನು ನೋಡಿದನು. ಜಬೀವುಲ್ಲಾ ನೋಡಿದನು. ಅಲ್ಲಿ 'ಯ' ಇರಲಿಲ್ಲ. ಅದು ನಕಲಾಗಿರಲಿಲ್ಲ.

ನಾಗಕ್ಕ ಬೂಟು ತಂದು ಗಂಡನ ಮುಂದಿಟ್ಟಳು.

ಅವನಿಗೆ ನಲವತ್ತೈದು ತುಂಬಿದ್ದೂ ಆ ರಸ್ತೆಯ ಮೇಲೆಯೇ. ನಲವತ್ತಾರು ತುಂಬಿದ್ದೂ ಅಲ್ಲಿಯೇ. ಬಿಡಲು ಅವನು ಧೈರ್ಯ ಮಾಡಲಿಲ್ಲ, ವಿನಾಯಿತಿ ಬೇಡಲೂ ಇಲ್ಲ. ಹಾಳೆ ತುಂಬಿದಾಗ ಮತ್ತೊಂದನ್ನು ಅವನೇ ಅಂಟಿಸುತ್ತಿದ್ದನು. ಎಪ್ಪತ್ತೊಂಬತ್ತರ ಬೇಸಗೆ ರಜೆಗೆ ಹಿರಿಯೂರಿನಿಂದ ಬಂದಿದ್ದ ತಂಗಿಯ ಮಗಳು ಪಾಲಮ್ಮನಿಗೆ ಇದನ್ನೆಲ್ಲ ಹೇಳಿ ಮುಗಿಸಿದಾಗ, ಆ ಹುಡುಗಿ ಚಾಪೆಯ ಮೇಲೆ ಅವನ ಹತ್ತಿರಕ್ಕೆ ಸರಿದಳು.

"ಮೊದ್ಲಿಂದ ಇನ್ನೊಂದ್ ಸಲ ಹೇಳು ಮಾಮ," ಎಂದಳು. "ಆದ್ರೆ ಮೊದ್ಲು ಬಾಗ್ಲು ಹಾಕು."